ಕತ್ತು ನೋವಿಗೆ ಕಸರತ್ತು, ಜೊತೆಗೆ ಕಲ್ಪನೆ: ಶಿವಮೊಗ್ಗದ ಆರು ವಾರದ ಕೋರ್ಸು ಹೇಗಿದೆ?

ಶಿವಮೊಗ್ಗದಲ್ಲಿ ಕತ್ತು ನೋವಿಗೆ ಫಿಸಿಯೋಥೆರಪಿ ಅಂದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: "ಕರೆಂಟ್ ಕೊಡಿಸ್ಕೊಂಡು ಬಂದೆ." ಹತ್ತು ದಿನ ಕರೆಂಟು, ಮೇಲೆ ಬಿಸಿ ಶಾಖ, ಮನೆಗೆ ಹೋಗುವಾಗ ಒಂದು ಕತ್ತಿನ ಪಟ್ಟಿ. ಹದಿನೈದು ದಿನ ಹಾಯೆನಿಸುತ್ತದೆ, ಹದಿನಾರನೆಯ ದಿನ ಬೈಕಿನ ಮೇಲೆ ಕೂತು ಹಿಂದೆ ತಿರುಗಿ ನೋಡಿದರೆ ಮತ್ತೆ ಅದೇ ಚಳುಕು. ಈ ಸರಣಿಯಿಂದ ಹೊರಬರಲು ಊರಿನ ಒಂದು ಕೇಂದ್ರ ಆರು ವಾರದ ಕೋರ್ಸೊಂದನ್ನು ನಡೆಸುತ್ತಿದೆ: ಅಳತೆಯಿಟ್ಟ ವ್ಯಾಯಾಮ, ಜೊತೆಗೆ 'ಮೋಟಾರ್ ಇಮೇಜರಿ', ಅಂದರೆ ಕತ್ತನ್ನು ಅಲ್ಲಾಡಿಸದೆ ಅದರ ಚಲನೆಯನ್ನು ಮನಸ್ಸಿನಲ್ಲೇ ಮಾಡುವ ಅಭ್ಯಾಸ. ಕೇಂದ್ರದ ಹೆಸರು ಇಲ್ಲಿ ಬರೆಯುತ್ತಿಲ್ಲ. ಇದೇ ಅಚ್ಚಿನ ಕೋರ್ಸುಗಳು ಬೇರೆ ಕಡೆಯೂ ಇವೆ. ದುಡ್ಡು ಕಟ್ಟುವ ಮುಂಚೆ ಏನು ನೋಡಬೇಕು, ಏನು ಕೇಳಬೇಕು ಎನ್ನುವುದು ಎಲ್ಲ ಕಡೆಗೂ ಒಂದೇ.

ಒಟ್ಟು ಹನ್ನೆರಡು ಭೇಟಿ, ವಾರಕ್ಕೆ ಎರಡು, ಒಂದೊಂದು ಮುಕ್ಕಾಲು ಗಂಟೆ. ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ. ತೀರ್ಪು ಮೊದಲೇ ಹೇಳಿಬಿಡುವುದಾದರೆ, ವ್ಯಾಯಾಮದ ಭಾಗ ಚೆನ್ನಾಗಿದೆ, ಅದಕ್ಕಾಗಿಯೇ ಸೇರಬಹುದು. ಕಲ್ಪನೆಯ ಭಾಗದ ಮೊದಲ ಅರ್ಧ ಸರಿಯಿದೆ, ಉಳಿದರ್ಧವನ್ನು ಒಂದು ಆಡಿಯೋ ಫೈಲಿಗೆ ಒಪ್ಪಿಸಿ ಕೈ ತೊಳೆದುಕೊಂಡಿದ್ದಾರೆ.

ಮೊದಲ ಭೇಟಿ ಪರೀಕ್ಷೆಯದು. ಮೂರು ತಿಂಗಳಿಗೂ ಹಳೆಯ ನೋವೇ ಎಂದು ಕೇಳುತ್ತಾರೆ. ಅದಕ್ಕಿಂತ ಹೊಸದಾಗಿದ್ದರೆ ಈ ಕೋರ್ಸು ಬೇಡ ಎಂದು ವಾಪಸು ಕಳಿಸುತ್ತಾರೆ. ಇದು ಮೆಚ್ಚಬೇಕಾದ ಸಂಗತಿ, ಏಕೆಂದರೆ ರಾತ್ರಿ ಮಲಗಿದ್ದು ಸರಿಯಾಗದೆ ಹಿಡಿದುಕೊಂಡ ಕತ್ತು ಬಹಳಷ್ಟು ಸಲ ವಾರದೊಳಗೆ ತಾನಾಗಿ ಬಿಡುತ್ತದೆ. ಎಕ್ಸ್‌ರೇ, ಎಂಆರ್‌ಐ ತಂದವರ ಫೈಲನ್ನು ನೋಡಿ ಪಕ್ಕಕ್ಕಿಡುತ್ತಾರೆ. ಇದರಿಂದ ಕೆಲವರಿಗೆ ಬೇಸರವಾಗುವುದುಂಟು, ಆದರೆ ಅದಕ್ಕೆ ಕಾರಣವಿದೆ. ಜಪಾನಿನಲ್ಲಿ ಕತ್ತು ನೋವೇ ಇಲ್ಲದ 1211 ಜನರ ಎಂಆರ್‌ಐ ತೆಗೆದಾಗ ನೂರಕ್ಕೆ 87ಕ್ಕೂ ಹೆಚ್ಚು ಜನರಲ್ಲಿ ಡಿಸ್ಕ್ ಉಬ್ಬಿರುವುದು ಕಂಡಿತ್ತು. 2015ರಲ್ಲಿ ಪ್ರಕಟವಾದ ಅಧ್ಯಯನ ಅದು. 'ಸವೆದಿದೆ' ಎಂಬ ಒಂದು ಪದ ಕೇಳಿ ಕತ್ತನ್ನೇ ತಿರುಗಿಸದೆ ವರ್ಷಗಟ್ಟಲೆ ಕೂತವರಿಗೆ ಈ ಲೆಕ್ಕ ಹೇಳುವುದೇ ಅರ್ಧ ಚಿಕಿತ್ಸೆ.

ಇನ್ನು ಅಳತೆ. 'ನೆಕ್ ಡಿಸೆಬಿಲಿಟಿ ಇಂಡೆಕ್ಸ್' ಎಂಬ ಹತ್ತು ಪ್ರಶ್ನೆಯ ಹಾಳೆ ತುಂಬಿಸುತ್ತಾರೆ. ಪ್ರಶ್ನೆಗೆ ಸೊನ್ನೆಯಿಂದ ಐದು, ಒಟ್ಟು 50. 5ರಿಂದ 14 ಬಂದರೆ ಸೌಮ್ಯ, 15ರಿಂದ 24 ಮಧ್ಯಮ, 25ರಿಂದ 34 ತೀವ್ರ. ಅದರಲ್ಲಿ ವಾಹನ ಓಡಿಸುವುದರ ಬಗ್ಗೆ ಒಂದು ಪ್ರಶ್ನೆಯಿದೆ. ಗಾಡಿ ಓಡಿಸದವರು ಅಲ್ಲಿ ಸೊನ್ನೆ ಹಾಕಬಾರದು; ಖಾಲಿ ಬಿಟ್ಟು 45ಕ್ಕೆ ಲೆಕ್ಕ ಹಾಕಿ ಶೇಕಡಾವಾರು ಮಾಡಬೇಕು. ಸ್ವಾಗತದ ಮೇಜಿನಲ್ಲಿ ಕೂತವರಿಗೆ ಇದು ಗೊತ್ತಿರುವುದಿಲ್ಲ. ತೋಟ, ಅಡುಗೆಮನೆ ಬಿಟ್ಟು ಹೊರಗೆ ಗಾಡಿ ಹತ್ತದ ಹೆಂಗಸರ ಅಂಕ ಹೀಗೆ ಸುಮ್ಮನೆ ಕಡಿಮೆಯಾಗಿ ಕಾಣುತ್ತದೆ.

ಮುಂದಿನ ಪರೀಕ್ಷೆ ಎಲ್ಲಕ್ಕಿಂತ ಸ್ವಾರಸ್ಯದ್ದು. ತಲೆಗೆ ಪಟ್ಟಿ ಕಟ್ಟಿ ಅದರ ಮೇಲೆ ಪುಟ್ಟ ಲೇಸರ್ ದೀಪ ಸಿಕ್ಕಿಸುತ್ತಾರೆ. ಗೋಡೆಯಿಂದ 90 ಸೆಂಟಿಮೀಟರ್ ದೂರದ ಕುರ್ಚಿಯಲ್ಲಿ ಕೂರಿಸಿ, ಚುಕ್ಕಿ ಬಿದ್ದ ಜಾಗಕ್ಕೆ ಗುರುತು ಹಾಕಿ, ಕಣ್ಣು ಮುಚ್ಚಿಸಿ, ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿ ಮೊದಲಿದ್ದಲ್ಲಿಗೇ ತನ್ನಿ ಎನ್ನುತ್ತಾರೆ. ಕಣ್ಣು ಬಿಟ್ಟಾಗ ಚುಕ್ಕಿ ಗುರುತಿನಿಂದ ಏಳು ಸೆಂಟಿಮೀಟರಿಗಿಂತ ಆಚೆ ಬಿದ್ದಿದ್ದರೆ, ಅಂದರೆ ಸುಮಾರು 4.5 ಡಿಗ್ರಿ ತಪ್ಪಿದ್ದರೆ, ತಲೆ ಎಲ್ಲಿದೆ ಎಂಬ ಸುದ್ದಿ ಕತ್ತಿನಿಂದ ಮಿದುಳಿಗೆ ಸರಿಯಾಗಿ ಹೋಗುತ್ತಿಲ್ಲ ಎಂದರ್ಥ. ಒಂದೇ ಸಲ ಮಾಡಿ ತೀರ್ಮಾನಿಸುವ ಪರೀಕ್ಷೆ ಇದಲ್ಲ. ಎರಡೂ ಕಡೆಗೆ ಕನಿಷ್ಠ ಐದಾರು ಸಲ ಮಾಡಿಸಿ ಸರಾಸರಿ ತೆಗೆಯಬೇಕು. ಇಲ್ಲಿ ಆರು ಸಲ ಮಾಡಿಸುತ್ತಾರೆ. ಮನೆಯಲ್ಲಿ ಇದನ್ನೇ ಅಭ್ಯಾಸವಾಗಿ ಮಾಡಬಹುದು: ಟೋಪಿಗೆ ಕೀಚೈನ್ ಲೇಸರ್ ಕಟ್ಟಿದರೆ ಸಾಕು, ಮಕ್ಕಳ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು.

ಈಗ ವ್ಯಾಯಾಮಕ್ಕೆ ಬರೋಣ, ಕೋರ್ಸಿನ ಜೀವಾಳ ಇರುವುದು ಅಲ್ಲೇ.

ಕತ್ತಿನ ಮುಂಭಾಗದಲ್ಲಿ ಎರಡು ಪದರ ಸ್ನಾಯುಗಳಿವೆ. ಮೇಲಿನದು ಕಿವಿಯ ಹಿಂದಿನಿಂದ ಎದೆಮೂಳೆಗೆ ಹಗ್ಗದಂತೆ ಇಳಿಯುವ ಸ್ಟರ್ನೋಕ್ಲೈಡೋಮಾಸ್ಟಾಯ್ಡ್. ಕನ್ನಡಿಯ ಮುಂದೆ ತಲೆ ಒಂದು ಕಡೆ ತಿರುಗಿಸಿದರೆ ಎದ್ದು ಕಾಣುತ್ತದೆ. ಒಳಗಿನದು ಬೆನ್ನೆಲುಬಿಗೆ ಅಂಟಿಕೊಂಡಿರುವ ಲಾಂಗಸ್ ಕೊಲೈ ಮತ್ತು ಲಾಂಗಸ್ ಕ್ಯಾಪಿಟಿಸ್. ನಾಲ್ಕೂವರೆ ಐದು ಕಿಲೋ ತೂಗುವ ತಲೆಯನ್ನು ಕೆಳಗಿನ ಮಣಿಮಣಿಗಳ ಮೇಲೆ ಹದವಾಗಿ ನಿಲ್ಲಿಸುವುದು ಈ ಒಳಗಿನವು. ನೋವು ಹಳೆಯದಾದಂತೆ ಒಳಗಿನವು ಸೋಮಾರಿಯಾಗುತ್ತವೆ, ಹೊರಗಿನವು ಅವುಗಳ ಕೆಲಸವನ್ನೂ ಮೈಮೇಲೆ ಹಾಕಿಕೊಂಡು ಬಿಗಿಯುತ್ತವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ವೆಂಡೊಲಿನ್ ಜುಲ್ ಮತ್ತು ಸಂಗಡಿಗರು ಒಳಗಿನ ಸ್ನಾಯುಗಳನ್ನು ಅಳೆಯಲು, ಪಳಗಿಸಲು ರೂಪಿಸಿದ ವಿಧಾನವನ್ನೇ ಇಲ್ಲಿ ಬಳಸುತ್ತಾರೆ.

ಅಂಗಾತ ಮಲಗಿ ಮೊಣಕಾಲು ಮಡಚಬೇಕು. ಹಣೆ ಮತ್ತು ಗಲ್ಲ (ಗದ್ದ) ಒಂದೇ ಮಟ್ಟದಲ್ಲಿರುವಂತೆ ತಲೆಯಡಿಗೆ ಮಡಚಿದ ಟವೆಲ್. ಕತ್ತಿನ ಕೆಳಗೆ, ತಲೆಬುರುಡೆಗೆ ತಾಗುವಂತೆ, ಮಡಚಿದ ಗಾಳಿಚೀಲ. ಅದಕ್ಕೆ ಬಿಪಿ ಯಂತ್ರದಂಥದೇ ಒಂದು ಮುಳ್ಳಿನ ಮೀಟರು. ಮುಳ್ಳು 20 ಮಿ.ಮೀ. ಪಾದರಸಕ್ಕೆ ಬರುವಷ್ಟು ಗಾಳಿ ತುಂಬುತ್ತಾರೆ. ಆಮೇಲೆ 'ಹೌದು' ಎನ್ನುವಂತೆ ಗಲ್ಲವನ್ನು ಬಹಳ ನಿಧಾನವಾಗಿ ಬಾಗಿಸಿ ಮುಳ್ಳನ್ನು 22ಕ್ಕೆ ತಂದು ಹತ್ತು ಸೆಕೆಂಡು ಹಿಡಿಯಬೇಕು. ಹತ್ತು ಸಲ. ಅದು ಅಲುಗದೆ ಬಂದರೆ 24, ಮತ್ತೆ 26, 28, 30. ಮೇಲಕ್ಕೆ ಹೋಗುವ ಗಡಿಬಿಡಿ ಇಲ್ಲಿ ಶುದ್ಧ ನಷ್ಟ. 24ರಲ್ಲಿ ಮುಳ್ಳು ನಡುಗಿದರೆ 22ರಲ್ಲೇ ಒಂದು ವಾರ ಕಳೆಯುವುದು ಲೇಸು.

ಎಡವುವುದು ಎಲ್ಲಿ ಅಂದರೆ, ಬಹಳ ಜನ ಗಲ್ಲ ಬಾಗಿಸುವ ಬದಲು ತಲೆಯನ್ನು ಹಿಂದಕ್ಕೆ ಒತ್ತುತ್ತಾರೆ. ಮುಳ್ಳು ಚೆನ್ನಾಗಿಯೇ ಏರುತ್ತದೆ, ಮಾಡುವವರಿಗೂ ಖುಷಿ, ಆದರೆ ದುಡಿದಿದ್ದು ಬೇರೆ ಸ್ನಾಯು. ಗುರುತು ಹಿಡಿಯುವುದು ಸುಲಭ: ಸರಿಯಾಗಿ ಮಾಡಿದರೆ ತಲೆಯ ಹಿಂಭಾಗ ಟವೆಲ್ಲಿನ ಮೇಲೆ ನೆತ್ತಿಯ ಕಡೆಗೆ ಕೂದಲೆಳೆಯಷ್ಟು ಜಾರುತ್ತದೆ. ಒತ್ತಿದರೆ ಅಲ್ಲೇ ಹೂತುಕೊಳ್ಳುತ್ತದೆ. ಎರಡನೆಯ ತಪ್ಪು ಉಸಿರು ಕಟ್ಟುವುದು. ಮೂರನೆಯದು ಹಲ್ಲು ಕಚ್ಚುವುದು. ನಾಲಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿ ಹಲ್ಲುಗಳ ನಡುವೆ ಜಾಗ ಬಿಟ್ಟರೆ ಅದು ನಿಲ್ಲುತ್ತದೆ. ಎರಡು ಬೆರಳನ್ನು ಹೊರಗಿನ ಹಗ್ಗದಂಥ ಸ್ನಾಯುವಿನ ಮೇಲೆ ಇಟ್ಟುಕೊಂಡಿರಬೇಕು. ಬೆರಳ ಕೆಳಗೆ ಅದು ಗಟ್ಟಿಯಾದ ಕ್ಷಣವೇ ಆ ಸುತ್ತು ಮುಗಿಯಿತು. ಇಲ್ಲಿನ ಥೆರಪಿಸ್ಟ್ ಇದನ್ನು ಪ್ರತಿ ಭೇಟಿಯಲ್ಲೂ ಬೆರಳಿಟ್ಟೇ ನೋಡುತ್ತಾರೆ, ಫೋನು ನೋಡುತ್ತ ಕೂರುವುದಿಲ್ಲ. ದುಡ್ಡು ಕೊಡುವುದು ಇದಕ್ಕೇ.

ಸಲಕರಣೆಯ ಬಗ್ಗೆ ಒಂದು ಕೊಸರು. ಎರಡು ಗಾಳಿಚೀಲಗಳಲ್ಲಿ ಒಂದು ಸೋರುತ್ತದೆ. ಮುಳ್ಳು ತಾನಾಗಿ ಇಳಿಯುವಾಗ ನೀವು ಸೋತಿರಿ ಎಂದುಕೊಂಡು ಇನ್ನಷ್ಟು ಬಲ ಹಾಕುತ್ತೀರಿ, ಹೊರಗಿನ ಸ್ನಾಯು ಬಂದು ಸೇರಿಕೊಳ್ಳುತ್ತದೆ. ಶುರುವಿಗೆ ಮುಂಚೆ 20ಕ್ಕೆ ತುಂಬಿ ಒಂದು ನಿಮಿಷ ಅಲುಗದೆ ಮಲಗಿ ಮುಳ್ಳು ನಿಲ್ಲುತ್ತದೆಯೇ ನೋಡಿ. ನಿಲ್ಲದಿದ್ದರೆ ಇನ್ನೊಂದನ್ನು ಕೇಳಿ. ಮನೆಯಲ್ಲಿ ಯಂತ್ರ ಬೇಕಿಲ್ಲ. ಟವೆಲ್ ಸುರುಳಿ, ಗಲ್ಲದ ಕೆಳಗೆ ಒಂದು ಬೆರಳು, ಹೊರಗಿನ ಸ್ನಾಯುವಿನ ಮೇಲೆ ಎರಡು ಬೆರಳು, ಅಷ್ಟೇ. ಮಳೆಗಾಲದಲ್ಲಿ ರೆಡಾಕ್ಸೈಡ್ ನೆಲದ ಮೇಲೆ ಚಾಪೆ ಒಂದೇ ಹಾಕಿ ಮಲಗಬೇಡಿ, ಥಂಡಿಗೆ ಮೈ ಮುದುಡಿ ಭುಜ ಕಿವಿಯ ಕಡೆ ಏರುತ್ತದೆ; ಕಂಬಳಿ ಹಾಸಿ. ಬಚ್ಚಲ ಒಲೆಯ ಹಂಡೆ ನೀರು ಮಿಂದು ಬಂದ ಮೇಲೆ ಮಾಡಿದರೆ ಇನ್ನೂ ಹಗುರ.

ಎರಡನೇ ವಾರದ ಕೊನೆಗೆ ಇನ್ನೊಂದು ಪರೀಕ್ಷೆ: ಅಂಗಾತ ಮಲಗಿ, ಗಲ್ಲ ಒಳಗೆಳೆದುಕೊಂಡು ತಲೆಯನ್ನು ಎರಡೂವರೆ ಸೆಂಟಿಮೀಟರ್ ಎತ್ತಿ ಎಷ್ಟು ಹೊತ್ತು ಹಿಡಿಯುತ್ತೀರಿ ಎನ್ನುವುದು. 2005ರ ಒಂದು ಅಧ್ಯಯನದಲ್ಲಿ ನೋವಿಲ್ಲದವರ ಸರಾಸರಿ 39 ಸೆಕೆಂಡು, ನೋವಿರುವವರದ್ದು 24. ನಿಮ್ಮದು ಹನ್ನೆರಡು ಬಂದರೂ ಗಾಬರಿ ಬೇಡ. ನೋಡಬೇಕಾದ್ದು ಆರನೇ ವಾರದಲ್ಲಿ ಅದು ಎಷ್ಟಾಯಿತು ಎನ್ನುವುದನ್ನು.

ಮೂರನೇ ವಾರದಿಂದ ಬಲದ ವ್ಯಾಯಾಮ. ಹಣೆಗೆ ಅಂಗೈ ಒತ್ತಿ ತಲೆ ಅಲುಗದಂತೆ ತಡೆಯುವುದು, ಮೊದಲು ಶಕ್ತಿಯ ಐದನೇ ಒಂದು ಭಾಗದಷ್ಟೇ, ಆಮೇಲೆ ಅರ್ಧದವರೆಗೆ. ನಾಲ್ಕನೇ ವಾರದಿಂದ ರಬ್ಬರ್ ಬ್ಯಾಂಡು: ಬಾಗಿಲ ಚಿಲಕಕ್ಕೆ ಕಟ್ಟಿ ಎರಡೂ ಕೈಯಿಂದ ಹೊಟ್ಟೆಯ ಕಡೆ ಎಳೆಯುವುದು, ಕಾಲಡಿ ಮೆಟ್ಟಿಕೊಂಡು ಕೈಗಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತುವುದು. ಎಂಟರಿಂದ ಹನ್ನೆರಡು ಸಲ, ಮೂರು ಸುತ್ತು. ಹನ್ನೆರಡು ಸುಲಭವಾದ ದಿನ ಮುಂದಿನ ಬಣ್ಣಕ್ಕೆ: ಹಳದಿ, ಕೆಂಪು, ಹಸಿರು, ನೀಲಿ, ಹೀಗೆ ಬಿಗಿ ಏರುತ್ತದೆ. ಮಾಡುವಾಗ ನೋವು ಹತ್ತಕ್ಕೆ ಮೂರು ನಾಲ್ಕರವರೆಗೆ ಇರಬಹುದು, ಮರುದಿನ ಬೆಳಿಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲವಾದರೆ ನಿನ್ನೆಯದು ಜಾಸ್ತಿಯಾಯಿತು, ಸುತ್ತು ಕಡಿಮೆ ಮಾಡಿ, ನಿಲ್ಲಿಸಬೇಡಿ.

ಈ ಭಾಗಕ್ಕೆ ಆಧಾರ ಗಟ್ಟಿಯಾಗಿದೆ. ಫಿನ್ಲೆಂಡಿನಲ್ಲಿ ಕಚೇರಿ ಕೆಲಸದ 180 ಹೆಂಗಸರ ಮೇಲೆ ಒಂದು ವರ್ಷ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಲದ ಮತ್ತು ತಾಳಿಕೆಯ ವ್ಯಾಯಾಮ ಮಾಡಿದ ಗುಂಪುಗಳಲ್ಲಿ ನೋವು ಸ್ಪಷ್ಟವಾಗಿ ಇಳಿದಿತ್ತು. ಎಳೆದು ಸಡಿಲಿಸುವುದನ್ನು ಮುಖ್ಯವಾಗಿ ಮಾಡಿದವರಲ್ಲಿ ಅಷ್ಟಿಲ್ಲ. ಡೆನ್ಮಾರ್ಕಿನ 2011ರ ಇನ್ನೊಂದರಲ್ಲಿ ರಬ್ಬರ್ ಬ್ಯಾಂಡನ್ನು ದಿನಕ್ಕೆ ಬರೀ ಎರಡು ನಿಮಿಷ, ಹತ್ತು ವಾರ ಎಳೆದವರಿಗೂ ಗುಣ ಕಂಡಿತು. ಎರಡು ನಿಮಿಷಕ್ಕೆ ಪುರುಸೊತ್ತಿಲ್ಲ ಎನ್ನುವವರು ಯಾರು?

ಕೇಂದ್ರ ಕೊಡುವ ಬ್ಯಾಂಡಿನ ತುಂಡು ಮಾತ್ರ ಮೋಟು. ಎತ್ತರದವರು ಕಾಲಡಿ ಮೆಟ್ಟಿದರೆ ಶುರುವಿಗೇ ಪೂರ್ತಿ ಬಿಗಿದಿರುತ್ತದೆ. ಎರಡು ಮೀಟರಿನದು ಕೇಳಿ ತೆಗೆದುಕೊಳ್ಳಿ. ಮಲೆನಾಡಿನ ಜೂನ್‌-ಜುಲೈನಲ್ಲಿ ರಬ್ಬರು ಮಡಿಕೆಗೆ ಮಡಿಕೆ ಅಂಟಿಕೊಳ್ಳುತ್ತದೆ. ಒರೆಸಿ ಟಾಲ್ಕಂ ಪೌಡರ್ ಉದುರಿಸಿ ನೇತುಹಾಕಿ. ಅಂಚಿನಲ್ಲಿ ಉಗುರಿನಷ್ಟು ಸೀಳು ಕಂಡರೂ ಎಸೆಯಿರಿ, ಹರಿದು ಕಣ್ಣಿಗೆ ಹೊಡೆದರೆ ಕತ್ತಿಗಿಂತ ದೊಡ್ಡ ಕಥೆ.

ಇನ್ನು ಕಲ್ಪನೆಯ ಭಾಗ. ಕೇಳಿದವರು ನಗುತ್ತಾರೆ, ನಗುವಂಥದ್ದೇನಿಲ್ಲ. ಚಲನೆಯನ್ನು ಮನಸ್ಸಿನಲ್ಲಿ ಮಾಡಿದಾಗ, ನಿಜವಾಗಿ ಮಾಡುವಾಗ ಚುರುಕಾಗುವ ಮಿದುಳಿನ ಭಾಗಗಳಲ್ಲಿ ಬಹಳಷ್ಟು ಆಗಲೂ ಚುರುಕಾಗುತ್ತವೆ, ಸ್ನಾಯುವಿಗೆ ಮಾತ್ರ ಆಜ್ಞೆ ಪೂರ್ತಿ ಇಳಿಯುವುದಿಲ್ಲ. ಮೂಲತಃ ಇದು ಕೈಯ ತೀವ್ರ ನೋವಿನವರಿಗಾಗಿ ಬೆಳೆದ ವಿಧಾನ. ಆಸ್ಟ್ರೇಲಿಯಾದ ಲೋರಿಮರ್ ಮೋಸ್ಲಿ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು ಮೆಟ್ಟಿಲು, ಒಂದೊಂದಕ್ಕೆ ಎರಡು ವಾರ: ಚಿತ್ರ ನೋಡಿ ಎಡ-ಬಲ ಗುರುತಿಸುವುದು, ಚಲನೆಯನ್ನು ಕಲ್ಪಿಸುವುದು, ಕನ್ನಡಿ. ಕೈಗಳು ಎರಡಿರುವುದರಿಂದ ಒಂದರ ಬಿಂಬವನ್ನು ಇನ್ನೊಂದೆಂದು ತೋರಿಸಬಹುದು. ಕತ್ತು ಇರುವುದು ಒಂದೇ, ಹಾಗಾಗಿ ಇಲ್ಲಿ ಮೂರನೇ ಮೆಟ್ಟಿಲಿನ ಬದಲು ನಿಜವಾದ ವ್ಯಾಯಾಮ. ಹಳೆಯ ಕತ್ತು ನೋವಿಗೆ ವ್ಯಾಯಾಮದ ಜೊತೆ ಇದನ್ನು ಸೇರಿಸಿ ನೋಡಿದ ಅಧ್ಯಯನಗಳು ಸಣ್ಣವು. ಕೆಲವದರಲ್ಲಿ ನೋವು, ತಿರುಗುವ ಅಳತೆ ಸ್ವಲ್ಪ ಹೆಚ್ಚು ಸುಧಾರಿಸಿದೆ, ಎಲ್ಲದರಲ್ಲೂ ಅಲ್ಲ. ವ್ಯಾಯಾಮದ ಬದಲಿಗೆ ಇದು ಸಾಕು ಎನ್ನುವವರ ಬಾಗಿಲಿನಿಂದ ಹಾಗೇ ವಾಪಸು ಬನ್ನಿ.

ಎಡ-ಬಲದ ಅಭ್ಯಾಸಕ್ಕೆ 'ರೆಕಗ್ನೈಸ್' ಎಂಬ ಆ್ಯಪ್‌ನ ಕತ್ತಿನ ಆವೃತ್ತಿ ಬಳಸುತ್ತಾರೆ. ತಲೆ ಯಾವುದೋ ಕಡೆ ತಿರುಗಿಸಿದ, ಬಾಗಿಸಿದ ಜನರ ಫೋಟೋಗಳು ಒಂದಾದ ಮೇಲೊಂದು ಬರುತ್ತವೆ, ಎಡವೋ ಬಲವೋ ಒತ್ತಬೇಕು. ಗುರಿ: ನೂರಕ್ಕೆ 80 ಸರಿ, ಚಿತ್ರಕ್ಕೆ ಸುಮಾರು 1.6 ಸೆಕೆಂಡು, ಅರ್ಧ ಸೆಕೆಂಡು ಆಚೀಚೆ. ಒಂದೇ ಪಕ್ಕ ತಪ್ಪುತ್ತಿದ್ದರೆ ಆ ಪಕ್ಕಕ್ಕೆ ಹೆಚ್ಚು ಗಮನ. ಆದರೆ ಮೊದಲ ದಿನವೇ ಒಂದು ಮಾತು ಬಿಡಿಸಿ ಹೇಳದಿದ್ದರೆ ಎಲ್ಲ ಲೆಕ್ಕ ಹಾಳು: ಕೇಳುತ್ತಿರುವುದು ಫೋಟೋದಲ್ಲಿರುವವರ ಬಲ, ನೋಡುತ್ತಿರುವ ನಿಮ್ಮ ಬಲವಲ್ಲ. ನೂರಕ್ಕೆ ಇಪ್ಪತ್ತು ಸರಿ ಬಂದವರ ಮಿದುಳು ಕೆಟ್ಟಿರುವುದಿಲ್ಲ, ಪ್ರಶ್ನೆ ತಿರುವುಮುರುವಾಗಿರುತ್ತದೆ ಅಷ್ಟೇ. ಹೊಸನಗರದಾಚೆ ಮನೆಯಿರುವವರಿಗೆ ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಆ್ಯಪ್ ಯಾವಾಗ ಕೈಕೊಡುತ್ತದೋ ಹೇಳಲಾಗದು. ಇದಕ್ಕೆ ಮನೆಮದ್ದು ಇದೆ. ಮನೆಯವರೊಬ್ಬರನ್ನು ನಿಲ್ಲಿಸಿ ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ, ತಲೆ ಎಡಕ್ಕೆ ಬಲಕ್ಕೆ ಬೇರೆಬೇರೆ ಅಳತೆಯಲ್ಲಿ ತಿರುಗಿಸಿ ನಲವತ್ತು ಫೋಟೋ ತೆಗೆಯಿರಿ, ಎಡ ಇಪ್ಪತ್ತು, ಬಲ ಇಪ್ಪತ್ತು. ಪ್ರಿಂಟು ಹಾಕಿಸಿ ಇಸ್ಪೀಟಿನಂತೆ ಕಲೆಸಿ, ಕೆಲವನ್ನು ತಲೆಕೆಳಗೆ ಮಾಡಿ. ಹಿಂದೆ ಉತ್ತರ ಬರೆದಿಟ್ಟರೆ ಮೊಮ್ಮಕ್ಕಳೇ ಪರೀಕ್ಷಕರು. ವಾರಕ್ಕೊಮ್ಮೆ ಹತ್ತು ಚಿತ್ರ ಬದಲಿಸದಿದ್ದರೆ ಉತ್ತರ ಬಾಯಿಪಾಠವಾಗುತ್ತದೆ.

ಮೂರನೇ ವಾರ ಶುರುವಾಗುವ ಚಲನೆಯ ಕಲ್ಪನೆಯಲ್ಲೇ ಕೋರ್ಸು ಜಾರಿರುವುದು. ವಾಟ್ಸ್‌ಆ್ಯಪ್‌ನಲ್ಲಿ ಇಪ್ಪತ್ತು ನಿಮಿಷದ ಆಡಿಯೋ ಬರುತ್ತದೆ. ಹಿನ್ನೆಲೆಯಲ್ಲಿ ಕೊಳಲು. "ನೀವೀಗ ಸಮುದ್ರತೀರದಲ್ಲಿದ್ದೀರಿ, ನಿಮ್ಮ ಗ್ರೀವವು ಹಗುರವಾಗುತ್ತಿದೆ" ಎಂದು ಶುರು. ಗ್ರೀವ! ಕೇಳಲು ಹಿತವಾಗಿದೆ, ಐದನೇ ನಿಮಿಷಕ್ಕೆ ನಿದ್ದೆ ಬರುತ್ತದೆ. ಅದು ವಿಶ್ರಾಂತಿ, ಮೋಟಾರ್ ಇಮೇಜರಿ ಅಲ್ಲ. ಇಮೇಜರಿಯಲ್ಲಿ ಒಂದು ನಿಶ್ಚಿತ ಚಲನೆ ಇರಬೇಕು, ಅದು ನೀವು ದಿನಾ ಮಾಡುವ, ನೋವೆಂದು ಹೆದರುವ ಚಲನೆಯಾಗಿರಬೇಕು, ಒಳಗಿನಿಂದ ಅನುಭವಕ್ಕೆ ಬರಬೇಕು, ಮತ್ತು ಗಡಿಯಾರಕ್ಕೆ ಸಿಗಬೇಕು.

ಮಲೆನಾಡಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರರು ಸಿಗದ ಈ ಕಾಲದಲ್ಲಿ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೊಯ್ಲಿನ ಕೋಲು) ಹಿಡಿದು ನೆಲದ ಮೇಲಿಂದಲೇ ಅಡಿಕೆ ಕೊನೆ ಇಳಿಸುವವರು ಹೆಚ್ಚಾಗಿದ್ದಾರೆ. ಮರ ಹತ್ತುವ ಅಪಾಯ ತಪ್ಪಿತು, ಭಾರ ಪೂರ್ತಿ ಕತ್ತಿಗೆ ಬಿತ್ತು. ಐವತ್ತು ಅರವತ್ತು ಅಡಿ ಮೇಲಿನ ಕೊನೆಯನ್ನು ನೋಡುತ್ತ, ತಲೆ ಹಿಂದಕ್ಕೆ ಬಾಗಿಸಿ, ತುದಿ ಓಲಾಡುವ ಕೋಲನ್ನು ಹತೋಟಿಯಲ್ಲಿ ಹಿಡಿದು, ಮರದಿಂದ ಮರಕ್ಕೆ. ಅಂಥವರಿಗೆ ಕಲ್ಪನೆಯ ಪಾಠ ಹೀಗಿರಬೇಕು. ನಿಲ್ಲಿ, ಕೂರಬೇಡಿ, ಕೆಲಸ ನಿಂತು ಮಾಡುವಂಥದ್ದು. ಕೈಯಲ್ಲಿ ಒಂದು ಕೋಲು ಇರಲಿ. ಮೊದಲು ನಿಜವಾಗಿಯೇ ಮೂರು ಸಲ, ನೋವಾಗದಷ್ಟು ಮಾತ್ರ, ಮೇಲೆ ನೋಡಿ ಇಳಿಯಿರಿ. ಯಾರಾದರೂ ಸಮಯ ಹಿಡಿಯಲಿ. ನಾಲ್ಕು ಸೆಕೆಂಡು ಬಂತು ಎನ್ನಿ. ಈಗ ಕಣ್ಣು ಮುಚ್ಚಿ ಅದನ್ನೇ ಮನಸ್ಸಿನಲ್ಲಿ: ಗಲ್ಲ ಮೊದಲು ಸ್ವಲ್ಪ ಒಳಗೆ, ಎದೆ ಎದ್ದಿತು, ದೃಷ್ಟಿ ಸೋಗೆಯ ಬುಡಕ್ಕೆ ಏರಿತು, ಕತ್ತಿನ ಹಿಂದೆ ಚರ್ಮ ಮಡಚಿತು, ಅಂಗೈಗೆ ದೋಟಿಯ ತೂಕ ಬಂತು, ವಾಪಸು. ಶುರುವಿಗೂ ಕೊನೆಗೂ ಬೆರಳು ಎತ್ತಿ ತೋರಿಸಿ, ಇನ್ನೊಬ್ಬರು ಮತ್ತೆ ಸಮಯ ಹಿಡಿಯಲಿ. ಎರಡೇ ಸೆಕೆಂಡಿಗೆ ಮುಗಿದರೆ ನಡುವಿನ ತುಂಡು ಹಾರಿಸಿದ್ದೀರಿ. ಒಂಬತ್ತು ಹಿಡಿದರೆ ಎಲ್ಲೋ ಸಿಕ್ಕಿಕೊಂಡಿದ್ದೀರಿ, ಬಹುಮಟ್ಟಿಗೆ ನೋವು ಶುರುವಾಗುವ ಕೋನದಲ್ಲೇ. ಎರಡೂ ಸಮಯ ಹತ್ತಿರ ಹತ್ತಿರ ಬರುವವರೆಗೆ ಲೆಕ್ಕ ಜಾಸ್ತಿ ಮಾಡಬೇಡಿ. ಬಂದ ಮೇಲೆ ಹತ್ತರ ಎರಡು ಸುತ್ತು, ನಡುವೆ ಒಂದು ನಿಮಿಷ ಬಿಡುವು. ಒಟ್ಟು ಹತ್ತು ನಿಮಿಷ ಮೀರಿದರೆ ಚಿತ್ರ ಮಂಕಾಗುತ್ತದೆ, ಮುಂದೆ ಮಾಡಿದ್ದು ವ್ಯರ್ಥ.

ಕಲ್ಪಿಸುವಾಗಲೇ ನೋವು ಬರುವುದುಂಟು. ಸುಳ್ಳಲ್ಲ, ನಾಟಕವಲ್ಲ. ಆಗ ಮೂರು ದಾರಿ: ಕಲ್ಪನೆಯ ಚಲನೆಯನ್ನು ಅರ್ಧಕ್ಕೆ ಇಳಿಸಿ, ಇಲ್ಲವೇ ನೀವು ಮಾಡುವುದರ ಬದಲು ಇನ್ನೊಬ್ಬರು ನಿರಾಳವಾಗಿ ಮಾಡುವುದನ್ನು ಮನಸ್ಸಿನಲ್ಲಿ ನೋಡಿ, ಅದೂ ಆಗದಿದ್ದರೆ ನಾಲ್ಕು ದಿನ ಎಡ-ಬಲದ ಚಿತ್ರಗಳಿಗೆ ಹಿಂತಿರುಗಿ. ಬೆರಳನ್ನು ಹೊರಗಿನ ಸ್ನಾಯುವಿನ ಮೇಲಿಟ್ಟೇ ಕಲ್ಪಿಸಿ. ಅದು ಬಿಗಿದರೆ ಕಲ್ಪಿಸುತ್ತಿಲ್ಲ, ಕದ್ದು ಮಾಡುತ್ತಿದ್ದೀರಿ. ಕೇಂದ್ರದಲ್ಲಿ ಇದ್ಯಾವುದನ್ನೂ ಹೇಳುವುದಿಲ್ಲ. ಕೇಳಿದರೆ ಥೆರಪಿಸ್ಟ್‌ಗೆ ಗೊತ್ತಿದೆ, ಚೆನ್ನಾಗಿಯೇ ಹೇಳಿಕೊಡುತ್ತಾರೆ. ಆಡಿಯೋ ಮಾಡಿದವರು ಯಾರೋ ಬೇರೆ. ಹಾಗಾಗಿ ಮೂರನೇ ವಾರದ ಭೇಟಿಯಲ್ಲಿ ನಿಮ್ಮ ಕೆಲಸದ ಚಲನೆ ಯಾವುದೆಂದು ನೀವೇ ಹೇಳಿ, ಸ್ಟಾಪ್‌ವಾಚ್ ಹಿಡಿದು ಮಾಡಿಸಿ ಎಂದು ಕೇಳಿ. ಅಡಿಕೆ ಸುಲಿಯುವವರಿಗೆ ಮೆಟ್ಟುಗತ್ತಿಯ ಮುಂದೆ ಬಗ್ಗಿದ ಕತ್ತು ಎತ್ತಿ ಪಕ್ಕದ ಬುಟ್ಟಿಗೆ ತಿರುಗುವುದು, ಪಿಕಪ್ ಓಡಿಸುವವರಿಗೆ ರಿವರ್ಸ್ ತೆಗೆಯುವಾಗ ಹಿಂದೆ ನೋಡುವುದು, ಶಾಲೆಯವರಿಗೆ ಬೋರ್ಡಿನ ಮೇಲಂಚಿಗೆ ಬರೆಯುವುದು. ಸಮುದ್ರತೀರ ಯಾರಿಗೂ ಬೇಕಿಲ್ಲ.

ಉಳಿದ ಕೊರತೆಗಳನ್ನು ಬೇಗ ಹೇಳಬಹುದು. ಮುಕ್ಕಾಲು ಗಂಟೆಯಲ್ಲಿ ಮೊದಲ ಇಪ್ಪತ್ತು ನಿಮಿಷ ಕರೆಂಟು ಮತ್ತು ಶಾಖಕ್ಕೇ ಹೋಗುತ್ತದೆ. ಕೆಡುಕೇನಿಲ್ಲ, ಆದರೆ ಶಾಖ ಮನೆಯಲ್ಲೇ ಸಿಗುತ್ತದೆ, ಬೆರಳಿಟ್ಟು ನೋಡುವವರು ಸಿಗುವುದಿಲ್ಲ. ಆ ಹೊತ್ತನ್ನು ವ್ಯಾಯಾಮಕ್ಕೆ ಕೊಡಿ ಎಂದರೆ ಒಪ್ಪುತ್ತಾರೆ. ಮನೆಗೆ ಕೊಡುವ ಹಾಳೆಯಲ್ಲಿ ಇಂಗ್ಲಿಷ್ ಸಂಕ್ಷೇಪಗಳೇ ತುಂಬಿವೆ. ಸಂಜೆ ಸ್ಲಾಟು ತೆಗೆದುಕೊಂಡರೆ ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ಬಸ್ಸಿನ ಚಿಂತೆ; ಅರವತ್ತು ಎಪ್ಪತ್ತು ಕಿಲೋಮೀಟರ್ ತಿರುವು ರಸ್ತೆಯಲ್ಲಿ ಹಿಂದಿನ ಸೀಟಿನಲ್ಲಿ ಕುಲುಕಿಸಿಕೊಂಡು ಹೋದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಬೆಳಗಿನ ಸ್ಲಾಟು ಕೇಳಿ, ಎರಡು ಚಕ್ರಗಳ ನಡುವಿನ ಸೀಟು ಹಿಡಿಯಿರಿ. ಕೊನೆಯ ದಿನ ಮೊದಲಿನ ಅಳತೆಗಳನ್ನು ತಾವಾಗಿ ತೆಗೆಯುವುದಿಲ್ಲ, "ಈಗ ಹೇಗಿದೆ?" ಎಂದು ಕೇಳಿ ಬಿಡುತ್ತಾರೆ. ಹತ್ತು ಪ್ರಶ್ನೆಯ ಹಾಳೆ, ಲೇಸರ್ ಚುಕ್ಕಿ, ತಲೆ ಎತ್ತಿ ಹಿಡಿದ ಸೆಕೆಂಡು, ಈ ಮೂರನ್ನೂ ಮತ್ತೆ ಮಾಡಿಸಿ ಬರೆಸಿಕೊಳ್ಳಿ. ಹತ್ತಕ್ಕೆ ಎರಡು ಅಂಕವಾದರೂ ನೋವು ಇಳಿದಿಲ್ಲವೆಂದರೆ ಅದೇ ಕೋರ್ಸನ್ನು ಇನ್ನೊಮ್ಮೆ ಕಟ್ಟುವುದಕ್ಕೆ ಅರ್ಥವಿಲ್ಲ.

ಯಾರು ಸೇರಲೇಬಾರದು ಎನ್ನುವುದನ್ನು ಅವರು ಗೋಡೆಗೆ ಬರೆದು ಹಾಕಿದ್ದಾರೆ, ಸರಿಯಾಗಿಯೇ ಇದೆ. ಬಿದ್ದು ಅಥವಾ ಗಾಡಿ ಗುದ್ದಿ ಶುರುವಾದ ನೋವು, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದರ ಜೊತೆಗಿನ ನೋವು, ಕೈಯಲ್ಲಿ ಬಲ ಕುಗ್ಗುತ್ತಿರುವುದು, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡೆಯುವಾಗ ಕಾಲು ತೊಡರುವುದು, ಮೂತ್ರದ ಹತೋಟಿ ತಪ್ಪುವುದು, ಒಮ್ಮೆಲೇ ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು. ಇವುಗಳಲ್ಲಿ ಒಂದಿದ್ದರೂ ಮೊದಲು ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆ, ವ್ಯಾಯಾಮ ಆಮೇಲೆ. ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಬಹುದಿತ್ತು: ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ಕೆನಿಸಿಕೊಳ್ಳಬೇಡಿ. ಕತ್ತಿನೊಳಗೆ ಮಿದುಳಿಗೆ ಹೋಗುವ ರಕ್ತನಾಳಗಳಿವೆ, ಜೋರಾಗಿ ತಿರುಚಿದರೆ ಅಪರೂಪಕ್ಕಾದರೂ ಅವುಗಳ ಒಳಗೋಡೆ ಸೀಳುತ್ತದೆ.

ಯಾವಾಗ ಸೇರಬೇಕೆಂದರೆ, ತೋಟದವರು ಆಗಸ್ಟ್ ಮೊದಲ ವಾರ ನೋಡಿಕೊಳ್ಳಿ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಎರಡನೇ ಸುತ್ತು ಅಷ್ಟೊತ್ತಿಗೆ ಮುಗಿದಿರುತ್ತದೆ, ಕೊನೆ ಕೊಯ್ಲಿಗೆ ಅಕ್ಟೋಬರ್ ಬರಬೇಕು. ಆರು ವಾರ ಕೇಂದ್ರದಲ್ಲಿ, ಆಮೇಲೆ ನಾಲ್ಕು ವಾರ ಮನೆಯಲ್ಲಿ ಬ್ಯಾಂಡು. ಸ್ನಾಯುವಿಗೆ ಬಲ ಕೂಡಲು ಅಷ್ಟು ಬೇಕೇ ಬೇಕು. ಕೊಯ್ಲಿನ ಮೊದಲ ದಿನ ಮರದ ಬುಡಕ್ಕೆ ಅಂಟಿ ನಿಲ್ಲದೆ ದೋಟಿ ಎಟುಕುವಷ್ಟು ಹಿಂದೆ ಸರಿದು, ಒಂದು ಕಾಲು ಮುಂದಿಟ್ಟು, ಎದೆಯಿಂದಲೇ ಮೇಲೆ ನೋಡಿ. ಹತ್ತು ಮರಕ್ಕೊಮ್ಮೆ ದೋಟಿ ಕೆಳಗಿಟ್ಟು ಗಲ್ಲ ಎದೆಯ ಕಡೆ ಐದು ಸಲ ಬಾಗಿಸಿ, ಆಮೇಲೆ ಮುಂದಿನ ಮರ.